ಸಾಮಾಜಿಕ ಜಾಲತಾಣಗಳಲ್ಲಿ ಜಾಹೀರಾತು ಹಂಚಿಕೆ

ಸಾಮಾಜಿಕ ಜಾಲತಾಣಗಳಲ್ಲಿ ಜಾಹೀರಾತು ಹಂಚಿಕೆ ಎಂದರೆ ಸರಕು ಅಥವಾ ಸೇವೆಯೊಂದರ ಪ್ರಚಾರ ಸಾಮಗ್ರಿಯನ್ನು ಬಳಕೆದಾರರೇ ತಮ್ಮ ಸ್ನೇಹಿತರಿಗೂ ಬಂಧುಗಳಿಗೂ ತಲುಪಿಸುವುದು. ಇದು ವೈರಲ್ ಮಾರ್ಕೆಟಿಂಗ್‌ನ ಒಂದು ಬಗೆ. ಇಲ್ಲಿ ಸಂದೇಶವನ್ನು ರೂಪಿಸುವವರು ಮಾರಾಟಗಾರರು, ತಲುಪಿಸುವವರು ಪರಿಚಿತರು. ಆದಕಾರಣ ಸ್ನೇಹಿತನ ಮೇಲಿರುವ ನಂಬಿಕೆಯು ಸರಕಿನ ಮೇಲೂ ಹರಿಯುತ್ತದೆ.

ಹಿನ್ನೆಲೆ

ಎಲಿಹು ಕಾಟ್ಜ್ ಮತ್ತು ಪಾಲ್ ಲಾಜರ್ಸ್‌ಫೆಲ್ಡ್ 1955ರಲ್ಲಿ ಪ್ರಕಟಿಸಿದ ‘ಪರ್ಸನಲ್ ಇನ್‌ಫ್ಲುಯೆನ್ಸ್’ ಗ್ರಂಥವು, ಸಮೂಹ ಮಾಧ್ಯಮಗಳ ಪ್ರಭಾವವು ಬಹುಮಟ್ಟಿಗೆ ಸುತ್ತಮುತ್ತಲಿನ ಪರಿಚಿತರ ಮೂಲಕವೇ ಜನರನ್ನು ತಲುಪುತ್ತದೆಂದು ಪ್ರತಿಪಾದಿಸಿತು. ಅಂತರಜಾಲದಲ್ಲಿ ಈ ತತ್ತ್ವದ ಪ್ರಸಿದ್ಧ ಉದಾಹರಣೆ ಹಾಟ್‌ಮೇಲ್. ಸಬೀರ್ ಭಾಟಿಯಾ ಮತ್ತು ಜ್ಯಾಕ್ ಸ್ಮಿತ್ 1996ರಲ್ಲಿ ಆರಂಭಿಸಿದ ಈ ಸೇವೆಯಲ್ಲಿ, ಬಳಕೆದಾರರು ಕಳುಹಿಸುವ ಪ್ರತಿ ಪತ್ರದ ಕೊನೆಗೂ ಉಚಿತ ಖಾತೆ ತೆರೆಯುವಂತೆ ಆಹ್ವಾನಿಸುವ ಸಾಲು ಸೇರಿಕೊಳ್ಳುತ್ತಿತ್ತು. ಸುಮಾರು ಒಂದೂವರೆ ವರ್ಷದಲ್ಲಿ ಬಳಕೆದಾರರ ಸಂಖ್ಯೆ 1 ಕೋಟಿಯನ್ನು ಮೀರಿತು.

ಗ್ರಾಹಕರ ಮೇಲಿನ ಪರಿಣಾಮಗಳು

ಮರಿಯನ್ ಫ್ರೀಸ್ಟಾಡ್ ಮತ್ತು ಪೀಟರ್ ರೈಟ್ 1994ರಲ್ಲಿ ಮಂಡಿಸಿದ ಸಿದ್ಧಾಂತದ ಪ್ರಕಾರ, ಯಾರೋ ತನ್ನ ಮನವೊಲಿಸಲು ಯತ್ನಿಸುತ್ತಿದ್ದಾರೆಂದು ಅರಿತ ಗ್ರಾಹಕನು ಎಚ್ಚರಗೊಳ್ಳುತ್ತಾನೆ. ಸ್ನೇಹಿತನಿಂದ ಬಂದ ಸಂದೇಶದಲ್ಲಿ ಈ ಅರಿವು ಮೂಡುವುದು ಕಡಿಮೆ.

ಇದರಿಂದ ಅನುಕೂಲಗಳುಂಟು. ಬಳಸಿ ನೋಡಿದವರ ಅನುಭವವು ಇತರರಿಗೆ ದೊರೆಯುತ್ತದೆ. ಹಪ್ಪಳ, ಉಪ್ಪಿನಕಾಯಿ ಮಾರುವ ಸಣ್ಣ ಗೃಹೋದ್ಯಮಿಗಳಿಗೂ ಖರ್ಚಿಲ್ಲದೆ ಗಿರಾಕಿಗಳು ಸಿಗುತ್ತಾರೆ.

ಅಪಾಯಗಳೂ ಇವೆ. ಹಂಚಿದವರು ಆ ಸರಕನ್ನು ಬಳಸಿರಲೇಬೇಕೆಂದಿಲ್ಲ. ಒಂದೇ ಸಂದೇಶವು ಹಲವು ವಾಟ್ಸ್ಆ್ಯಪ್ ಗುಂಪುಗಳಿಂದ ಬಂದಾಗ, ಮೂಲ ಒಂದೇ ಆಗಿದ್ದರೂ ಹಲವರು ಸಾಕ್ಷಿ ನುಡಿದಂತೆ ಭಾಸವಾಗುತ್ತದೆ. ಸ್ನೇಹಿತರನ್ನು ಸೇರಿಸಿದವರಿಗೆ ಬಹುಮಾನ ನೀಡುವ ಯೋಜನೆಗಳಲ್ಲಿ, ಸಲಹೆಯ ಹಿಂದಿರುವ ಲಾಭವು ಮರೆಯಾಗಿರಬಹುದು. ಹಬ್ಬದ ಕೊಡುಗೆಯ ಹೆಸರಿನಲ್ಲಿ ಸಂದೇಶವನ್ನು ಹಲವರಿಗೆ ಕಳುಹಿಸುವಂತೆ ಕೋರಿ, ಬ್ಯಾಂಕ್ ವಿವರಗಳನ್ನು ಕದಿಯುವ ವಂಚನೆಗಳೂ ಇದೇ ನಂಬಿಕೆಯನ್ನು ಬಳಸಿಕೊಳ್ಳುತ್ತವೆ.

ಒಪ್ಪಿಗೆಯ ಪ್ರಶ್ನೆ

ಬಳಕೆದಾರರು ಅನ್ಯ ಜಾಲತಾಣಗಳಲ್ಲಿ ಮಾಡಿದ ಖರೀದಿಗಳನ್ನು ಅವರ ಸ್ನೇಹಿತರಿಗೆ ತಿಳಿಸುತ್ತಿದ್ದ ‘ಬೀಕನ್’ ಎಂಬ ವ್ಯವಸ್ಥೆಯನ್ನು ಫೇಸ್‌ಬುಕ್ 2007ರಲ್ಲಿ ಆರಂಭಿಸಿತು. ಖಾಸಗಿತನದ ಉಲ್ಲಂಘನೆಯೆಂಬ ಆಕ್ಷೇಪಣೆ ಮತ್ತು ಮೊಕದ್ದಮೆಯ ಬಳಿಕ 2009ರಲ್ಲಿ ಅದು ನಿಂತಿತು. 2011ರಲ್ಲಿ ಬಂದ ‘ಸ್ಪಾನ್ಸರ್ಡ್ ಸ್ಟೋರೀಸ್’ ಬಳಕೆದಾರರ ಹೆಸರು ಮತ್ತು ಚಿತ್ರವನ್ನು ಜಾಹೀರಾತುಗಳಲ್ಲಿ ತೋರಿಸಿತು. ಈ ಕುರಿತ ಮೊಕದ್ದಮೆಯಲ್ಲಿ 2 ಕೋಟಿ ಡಾಲರ್‌ಗಳ ರಾಜಿ ಒಪ್ಪಂದಕ್ಕೆ ಅಮೆರಿಕದ ನ್ಯಾಯಾಲಯವು 2013ರಲ್ಲಿ ಅನುಮೋದನೆ ನೀಡಿತು.

ಭಾರತದಲ್ಲಿ ನಿಯಂತ್ರಣ

ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಅನ್ವಯ ಹಾದಿ ತಪ್ಪಿಸುವ ಜಾಹೀರಾತಿಗಾಗಿ ತಯಾರಕರಿಗೂ ಅದನ್ನು ಅನುಮೋದಿಸಿದವರಿಗೂ 10 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದು. ಅಪರಾಧ ಮರುಕಳಿಸಿದರೆ ದಂಡವು 50 ಲಕ್ಷದವರೆಗೆ ಏರಬಹುದು. ಪ್ರಭಾವಿಗಳು ಹಣ ಅಥವಾ ಉಡುಗೊರೆ ಪಡೆದು ಮಾಡುವ ಪ್ರಚಾರವನ್ನು ಜಾಹೀರಾತೆಂದು ಸ್ಪಷ್ಟವಾಗಿ ನಮೂದಿಸಬೇಕೆಂದು ಭಾರತೀಯ ಜಾಹೀರಾತು ಮಾನದಂಡ ಮಂಡಳಿಯು 2021ರಲ್ಲಿ ಸೂಚಿಸಿತು.

ಸದ್ಭಾವನೆಯಿಂದ ಬಂದ ಸಂದೇಶವೂ ಸುಳ್ಳಾಗಿರಬಹುದಾದ್ದರಿಂದ, ಕೊಳ್ಳುವ ಮುನ್ನ ಕಳುಹಿಸಿದವರು ಸ್ವತಃ ಬಳಸಿರುವರೇ, ಅವರಿಗೆ ಪ್ರತಿಫಲವಿದೆಯೇ, ಸಂದೇಶದ ಮೂಲ ಯಾವುದು ಎಂಬುದನ್ನು ವಿಚಾರಿಸುವುದು ಉಚಿತ. ದೂರು ನೀಡಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಹಣ ಕಳೆದುಕೊಂಡವರು ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕೂಡಲೇ ಕರೆ ಮಾಡಬಹುದು.