ಬಂಡೆಯ ಮೇಲೊಂದು ಕಣ್ಣು

ನಮ್ಮ ಚಿಕ್ಕೋಡಿಯ ಕಡೆ ಬಾವಿ ತೋಡುವಾಗ ಮುದುಕನೊಬ್ಬನು ಗೋಡೆಯ ಬಿರುಕಿಗೆ ಗಚ್ಚು ಮೆತ್ತುತ್ತಿದ್ದುದನ್ನು ಬಾಲ್ಯದಲ್ಲಿ ಕಂಡಿದ್ದೇನೆ. ಮರುದಿನ ಗಚ್ಚು ಸೀಳಿದ್ದರೆ ಯಾರೂ ಕೆಳಗಿಳಿಯಕೂಡದೆಂದು ಅವನ ಕಟ್ಟಪ್ಪಣೆ.

ಕೋಲಾರದ ಚಿನ್ನದ ಗಣಿಯ ಚರಿತ್ರೆಯನ್ನು ಓದುವಾಗ ಆ ಗಚ್ಚು ನೆನಪಾಯಿತು. 1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿಯವರು ಕೈಗೆತ್ತಿಕೊಂಡ ಆ ಗಣಿ ಕೊನೆಗೆ ಮೂರು ಕಿಲೋಮೀಟರಿಗೂ ಮಿಕ್ಕಿದ ಆಳಕ್ಕೆ ಇಳಿಯಿತು. ಅಷ್ಟು ಭಾರದ ಕೆಳಗೆ ಬಂಡೆ ತಾನಾಗಿ ಸಿಡಿದು ಕೂಲಿಗಳನ್ನು ಬಲಿಗೊಳ್ಳುತ್ತಿತ್ತು. 1912ರಲ್ಲಿಯೇ ಅಲ್ಲಿ ಭೂಕಂಪಮಾಪಕವನ್ನು ಕೂಡಿಸಿದರು. ಆದರೆ ಅದು ಸಿಡಿದ ಮೇಲೆ ಸುದ್ದಿ ಹೇಳುವ ಯಂತ್ರ. ಗೋಡೆಗಳು ಕೂದಲೆಳೆಯಷ್ಟು ಸರಿದದ್ದನ್ನು ಮೊದಲೇ ಅಳೆಯಬೇಕು.

ಇದಕ್ಕೊಂದು ಉಪಾಯ ಛಾಯಾಚಿತ್ರ. 1858ರಲ್ಲಿ ಜರ್ಮನಿಯ ಮೈಡೆನ್‌ಬಾವರ್ ಎಂಬ ವಾಸ್ತುಶಿಲ್ಪಿ ವೆಟ್ಸ್‌ಲಾರಿನ ಚರ್ಚನ್ನು ಅಳೆಯಹೋಗಿ, ಎತ್ತರದಿಂದ ಬೀಳುವುದರಲ್ಲಿ ಉಳಿದುಕೊಂಡನು. ಕಟ್ಟಡದ ಬದಲು ಅದರ ಚಿತ್ರವನ್ನೇ ಅಳೆದರಾಗದೆ ಎಂದು ಅವನಿಗೆ ಹೊಳೆಯಿತು. ಎರಡು ನೆಲೆಗಳಿಂದ ತೆಗೆದ ಚಿತ್ರಗಳು ನಮ್ಮ ಎರಡು ಕಣ್ಣುಗಳಿದ್ದಂತೆ. ಅವುಗಳಿಂದ ಬಂಡೆಯ ಒಂದೊಂದು ಬಿಂದುವಿನ ದೂರವೂ ತಿಳಿಯುತ್ತದೆ. ಇಂದಿನ ಚಿತ್ರವನ್ನು ಹಿಂದಿನದರೊಡನೆ ಹೋಲಿಸಿದರೆ ಗೋಡೆ ಸರಿದದ್ದು ಗೊತ್ತಾಗುತ್ತದೆ. ಅಪಾಯದ ಬಂಡೆಯನ್ನು ಮುಟ್ಟಬೇಕಾದುದಿಲ್ಲ.

ಕೋಲಾರದ ಗಣಿ 2001ರಲ್ಲಿ ಮುಚ್ಚಿತು. ಆ ಮೊದಲ ದಿನಗಳಲ್ಲಿಯೇ ಇಂಥ ಕಣ್ಣು ಅಲ್ಲಿ ಇದ್ದಿದ್ದರೆ ಎಷ್ಟು ಮನೆಗಳ ದೀಪ ಉಳಿಯುತ್ತಿತ್ತೋ ಎಂದು ಮನಸ್ಸು ಮರುಗುತ್ತದೆ.