ಗ್ರಾಮಸಭೆಯಲ್ಲಿ ಅರ್ಜಿದಾರರ ಹೇಳಿಕೆಯ ಸ್ಪಷ್ಟ ಧ್ವನಿಮುದ್ರಣ: ಮೇಜಿನ ಮೇಲೆ ಸಣ್ಣ ಮೈಕ್ ಅಳವಡಿಸುವ ಬಗ್ಗೆ ಮಾಹಿತಿ

1. ಪೀಠಿಕೆ

ಹಾವೇರಿ ತಾಲ್ಲೂಕಿನ ಗಳಗನಾಥ ಗ್ರಾಮವು ವರದಾ ಮತ್ತು ತುಂಗಭದ್ರಾ ನದಿಗಳ ಸಂಗಮಸ್ಥಾನದಲ್ಲಿದೆ. 2019ರ ಆಗಸ್ಟ್ ತಿಂಗಳ ನೆರೆಯಲ್ಲಿ ಜಿಲ್ಲೆಯ ವರದಾ ತೀರದ ಗ್ರಾಮಗಳು ಬಾಧಿತವಾಗಿದ್ದವು. ಇಂತಹ ಗ್ರಾಮಗಳಲ್ಲಿ ಮನೆ ಹಾನಿ, ಬೆಳೆ ಹಾನಿ, ವಸತಿ ಫಲಾನುಭವಿಗಳ ಆಯ್ಕೆ ಮುಂತಾದ ವಿಷಯಗಳ ಬಗ್ಗೆ ಸಾರ್ವಜನಿಕರು ಗ್ರಾಮಸಭೆಯಲ್ಲಿ ಮೌಖಿಕ ಹೇಳಿಕೆ ನೀಡುವುದು ಸಾಮಾನ್ಯ. ಹೇಳಿಕೆಯಲ್ಲಿನ ಒಂದು ಸಂಖ್ಯೆ ತಪ್ಪಾಗಿ ದಾಖಲಾದರೂ ಅರ್ಜಿದಾರರು ತೊಂದರೆಗೊಳಗಾಗುತ್ತಾರೆ. "ಇಪ್ಪತ್ತು" ಮತ್ತು "ಎಪ್ಪತ್ತು" ಎಂಬ ಪದಗಳ ನಡುವಿನ ವ್ಯತ್ಯಾಸ ಮೊದಲ ಸ್ವರ ಮಾತ್ರ. ಸದರಿ ಸ್ವರ ಅಸ್ಪಷ್ಟವಾದಲ್ಲಿ ಸರ್ವೆ ನಂಬರ್ 20ರ ಜಮೀನು 70 ಎಂದು ದಾಖಲಾಗುವ ಸಂಭವವಿರುತ್ತದೆ.

ಸಭೆಯ ಧ್ವನಿಮುದ್ರಣವಿದ್ದಲ್ಲಿ ಇಂತಹ ತಪ್ಪನ್ನು ಸರಿಪಡಿಸಲು ಆಧಾರ ದೊರೆಯುತ್ತದೆ. ಆದರೆ ಮೈಕ್ ವೇದಿಕೆಯ ಮೇಜಿನ ಮೇಲೆ ಮಾತ್ರ ಇದ್ದಲ್ಲಿ ಅಧಿಕಾರಿಗಳ ಪ್ರಶ್ನೆ ಸ್ಪಷ್ಟವಾಗಿ ಕೇಳಿಸುತ್ತದೆ, ಅರ್ಜಿದಾರರ ಉತ್ತರ ಕೇಳಿಸುವುದಿಲ್ಲ. ಆದ್ದರಿಂದ ಅರ್ಜಿದಾರರು ಮಾತನಾಡುವ ಸ್ಥಳದಲ್ಲಿ ಪ್ರತ್ಯೇಕ ಮೇಜು ಮತ್ತು ಮೈಕ್ ಇರುವುದು ಅತ್ಯಗತ್ಯವಾಗಿರುತ್ತದೆ.

2. ಧ್ವನಿ ಅಸ್ಪಷ್ಟವಾಗಲು ಕಾರಣಗಳು

ಅ) ದೂರ: ಬಯಲಿನಲ್ಲಿ ಬಾಯಿ ಮತ್ತು ಮೈಕ್ ನಡುವಿನ ಅಂತರ ಎರಡರಷ್ಟಾದಾಗ ನೇರ ಧ್ವನಿಯ ಮಟ್ಟ ಸುಮಾರು 6 ಡೆಸಿಬೆಲ್ ಕುಗ್ಗುತ್ತದೆ. ಅರ್ಧ ಮೀಟರ್ ದೂರದಲ್ಲಿರುವ ವ್ಯಕ್ತಿಗಿಂತ 2 ಮೀಟರ್ ದೂರದ ವ್ಯಕ್ತಿಯ ಧ್ವನಿ ಸುಮಾರು 12 ಡೆಸಿಬೆಲ್ ಕಡಿಮೆ ಮಟ್ಟದಲ್ಲಿ ತಲುಪುತ್ತದೆ. ಮುದ್ರಣದ ಮಟ್ಟ ಹೆಚ್ಚಿಸಿದಲ್ಲಿ ಸುತ್ತಲಿನ ಗದ್ದಲವೂ ಅಷ್ಟೇ ಹೆಚ್ಚುತ್ತದೆ.

ಆ) ಮೇಜಿನ ಪ್ರತಿಫಲನ: ಮಾತು ನೇರವಾಗಿ ಒಮ್ಮೆ, ಮೇಜಿನ ಹಲಗೆಗೆ ತಗುಲಿ ಮತ್ತೊಮ್ಮೆ ಮೈಕ್ ತಲುಪುತ್ತದೆ. ಉದಾಹರಣೆಗೆ, ಮೇಜಿನಿಂದ 50 ಸೆಂ.ಮೀ. ಎತ್ತರದಲ್ಲಿ ಬಾಯಿ, 60 ಸೆಂ.ಮೀ. ಮುಂದೆ 20 ಸೆಂ.ಮೀ. ಎತ್ತರದ ಸ್ಟ್ಯಾಂಡ್ ಮೇಲೆ ಮೈಕ್ ಇದ್ದಲ್ಲಿ, ಪ್ರತಿಫಲಿತ ಧ್ವನಿ ಸುಮಾರು 25 ಸೆಂ.ಮೀ. ಹೆಚ್ಚು ದೂರ ಕ್ರಮಿಸುತ್ತದೆ. ಇದರಿಂದ ಸುಮಾರು 700, 2,050 ಮತ್ತು 3,400 ಹರ್ಟ್ಸ್ ಸಮೀಪದ ಧ್ವನಿ ಕುಗ್ಗುತ್ತದೆ. ಇ, ಎ ಮುಂತಾದ ಸ್ವರಗಳ ಭೇದ ಬಹುಮಟ್ಟಿಗೆ ಈ ವ್ಯಾಪ್ತಿಯಲ್ಲಿಯೇ ಇರುವುದರಿಂದ ಮಾತು ಮಂಕಾಗುತ್ತದೆ.

ಇ) ಕಂಪನ: ಮೇಜನ್ನು ತಟ್ಟುವುದು, ಕಡತ ಇಡುವುದು, ಕುರ್ಚಿ ಎಳೆಯುವುದು ಇವುಗಳ ಸದ್ದು ಹಲಗೆಯ ಮೂಲಕವೇ ಮೈಕ್ ತಲುಪುತ್ತದೆ.

3. ಮೈಕ್ ಆಯ್ಕೆ

ಅ) ಬೌಂಡರಿ ಮೈಕ್: ಹಲಗೆಯ ಮೇಲೆ ಚಪ್ಪಟೆಯಾಗಿ ಕೂರುವ ಸಣ್ಣ ಮೈಕ್. ನೇರ ಧ್ವನಿ ಮತ್ತು ಪ್ರತಿಫಲಿತ ಧ್ವನಿ ಬಹುತೇಕ ಒಟ್ಟಿಗೇ ತಲುಪುವುದರಿಂದ ಮೇಲ್ಕಂಡ ದೋಷ ತಪ್ಪುತ್ತದೆ. ದೊಡ್ಡ ಹಲಗೆಯ ಮೇಲೆ ಧ್ವನಿಯ ಮಟ್ಟವೂ 6 ಡೆಸಿಬೆಲ್‌ವರೆಗೆ ಹೆಚ್ಚುತ್ತದೆ. ಎರಡು ಮೂರು ಜನ ಕುಳಿತು ಮಾತನಾಡುವ ಶಾಂತ ಕೊಠಡಿಗೆ ಸೂಕ್ತ.

ಆ) ಬಾಗುವ ಕುತ್ತಿಗೆಯ ಮೈಕ್: ಬಾಯಿಯಿಂದ 20ರಿಂದ 30 ಸೆಂ.ಮೀ. ದೂರಕ್ಕೆ ತರಬಹುದಾಗಿದೆ. ಗದ್ದಲವಿರುವ ಸಭೆಗೆ ಇದೇ ಉತ್ತಮ.

ಇ) ಕಾಲರ್ ಮೈಕ್: ಒಬ್ಬರ ಹೇಳಿಕೆಗೆ ಉತ್ತಮ; ಒಬ್ಬೊಬ್ಬರಿಗೂ ಬದಲಾಯಿಸಬೇಕಾದ್ದರಿಂದ ಸಭೆಗೆ ಅನುಕೂಲವಲ್ಲ.

4. ಅಳವಡಿಸುವ ಕ್ರಮ

1) ಅರ್ಜಿದಾರರ ಮೇಜು ಅಲುಗಾಡದಂತಿರಬೇಕು. ಮೇಜಿನ ಕಾಲುಗಳ ಕೆಳಗೆ ರಬ್ಬರ್ ತುಂಡುಗಳನ್ನು ಇಡುವುದು.
2) ಬೌಂಡರಿ ಮೈಕನ್ನು ಗಟ್ಟಿ ಹಲಗೆಯ ಮೇಲೆಯೇ ಇಡಬೇಕು. ದಪ್ಪ ಬಟ್ಟೆಯ ಮೇಲಾಗಲಿ, ಕಡತಗಳ ಹಿಂದಾಗಲಿ ಇಡಬಾರದು.
3) ಎರಡು ಮೈಕ್‌ಗಳ ನಡುವಿನ ಅಂತರವು ಬಾಯಿ ಮತ್ತು ಮೈಕ್ ನಡುವಿನ ಅಂತರದ ಕನಿಷ್ಠ ಮೂರು ಪಟ್ಟು ಇರಬೇಕು. ಬಾಯಿಯಿಂದ ಮೈಕ್‌ಗೆ 40 ಸೆಂ.ಮೀ. ಇದ್ದಲ್ಲಿ ಮುಂದಿನ ಮೈಕ್ 120 ಸೆಂ.ಮೀ. ದೂರದಲ್ಲಿರಬೇಕು.
4) ಫ್ಯಾನಿನ ನೇರ ಕೆಳಗೆ ಅಥವಾ ಧ್ವನಿವರ್ಧಕದ ಎದುರಿಗೆ ಮೈಕ್ ಇಡಬಾರದು.
5) ಗಳಗೇಶ್ವರ ದೇವಾಲಯದಂತಹ ಕಲ್ಲಿನ ಕಟ್ಟಡಗಳಲ್ಲಿ ಹಾಗೂ ತಗಡಿನ ಛಾವಣಿಯ ಕೆಳಗೆ ಮಾತು ಪ್ರತಿಧ್ವನಿಸುತ್ತದೆ. ಅಂತಹ ಸ್ಥಳಗಳಲ್ಲಿ ಮೈಕನ್ನು ಬಾಯಿಗೆ ಸಮೀಪ ತರುವುದೇ ಪರಿಹಾರ.
6) ನದೀತೀರದ ಬಯಲಿನಲ್ಲಿ, ವಿಶೇಷವಾಗಿ ಆಷಾಢದ ಗಾಳಿಯಲ್ಲಿ, ಮೈಕ್‌ಗೆ ಫೋಮ್ ಹೊದಿಕೆ ಹಾಕುವುದು ಕಡ್ಡಾಯವೆಂದೇ ತಿಳಿಯುವುದು.
7) ಸಭೆ ಆರಂಭಕ್ಕೆ ಮುನ್ನ ಒಬ್ಬರನ್ನು ಅರ್ಜಿದಾರರ ಸ್ಥಳದಲ್ಲಿ ಕೂರಿಸಿ "ಇಪ್ಪತ್ತು, ಎಪ್ಪತ್ತು" ಎಂದು ಸಹಜ ಧ್ವನಿಯಲ್ಲಿ ಹೇಳಿಸಿ, ಮುದ್ರಣವನ್ನು ಹೆಡ್‌ಫೋನ್‌ನಲ್ಲಿ ಆಲಿಸಿ ಖಚಿತಪಡಿಸಿಕೊಳ್ಳುವುದು.

5. ಕಡತದ ಸಂರಕ್ಷಣೆ

ಮೂಲ ಮುದ್ರಣವನ್ನು ಸಂಕುಚಿತಗೊಳಿಸದ ವೇವ್ ಕಡತವಾಗಿ ಇಡುವುದು ಸೂಕ್ತ. 48 ಕಿಲೋಹರ್ಟ್ಸ್, 16 ಬಿಟ್, ಒಂದೇ ವಾಹಿನಿಯ ಮುದ್ರಣಕ್ಕೆ ಗಂಟೆಗೆ ಸುಮಾರು 346 ಎಂ.ಬಿ. ಸ್ಥಳ ಬೇಕಾಗುತ್ತದೆ. ಮೂಲ ಕಡತವನ್ನು ಕತ್ತರಿಸದೆ, ಎರಡು ಪ್ರತ್ಯೇಕ ಸಾಧನಗಳಲ್ಲಿ ಪ್ರತಿಗಳನ್ನು ಇಡಬೇಕು.

6. ಹೇಳಿಕೆ ನೀಡುವ ಸಾರ್ವಜನಿಕರ ಗಮನಕ್ಕೆ

- ಮೊದಲು ಹೆಸರು, ತಂದೆ ಅಥವಾ ಗಂಡನ ಹೆಸರು, ಗ್ರಾಮ, ನಂತರ ವಿಷಯ ತಿಳಿಸುವುದು.
- ಸಂಖ್ಯೆಗಳನ್ನು ಎರಡು ವಿಧದಲ್ಲಿ ಹೇಳುವುದು: "ಇಪ್ಪತ್ತು, ಎರಡು ಸೊನ್ನೆ".
- ಹಿಂದಿನ ಸಾಲಿನಿಂದ ಕೂಗಿ ಹೇಳುವ ಬದಲು ಮೇಜಿನ ಬಳಿ ಬಂದು ಹೇಳುವುದು. ಬರಲಾಗದ ವೃದ್ಧರು ಮತ್ತು ಅಂಗವಿಕಲರು ಮೈಕನ್ನು ತಮ್ಮ ಬಳಿಗೆ ತರುವಂತೆ ಕೋರಬಹುದು.
- ತಮ್ಮ ಹೇಳಿಕೆಯನ್ನು ಬರೆದುಕೊಂಡಂತೆ ಓದಿ ಹೇಳಲು ಸ್ಥಳದಲ್ಲಿಯೇ ವಿನಂತಿಸುವುದು. ಧ್ವನಿಮುದ್ರಣವು ಲಿಖಿತ ನಡವಳಿಗೆ ಪರ್ಯಾಯವಲ್ಲ.

7. ಮುದ್ರಣದ ಪ್ರತಿ ಪಡೆಯುವ ಬಗ್ಗೆ

ಮಾಹಿತಿ ಹಕ್ಕು ಅಧಿನಿಯಮ, 2005ರ ಕಲಂ 2(ಎಫ್) ಅನ್ವಯ ವಿದ್ಯುನ್ಮಾನ ರೂಪದ ದಾಖಲೆಯೂ ಮಾಹಿತಿಯಾಗಿದ್ದು, ಕಲಂ 2(ಜೆ) ಅನ್ವಯ ಅದರ ಪ್ರತಿಯನ್ನು ವಿದ್ಯುನ್ಮಾನ ರೂಪದಲ್ಲಿಯೇ ಪಡೆಯಬಹುದಾಗಿದೆ. ಸಭೆಯ ದಿನಾಂಕ ಮತ್ತು ಸ್ಥಳ ನಮೂದಿಸಿ ಗ್ರಾಮ ಪಂಚಾಯಿತಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ನಿಗದಿತ ಶುಲ್ಕದೊಂದಿಗೆ ಅರ್ಜಿ ಸಲ್ಲಿಸುವುದು. ಬಡತನ ರೇಖೆಗಿಂತ ಕೆಳಗಿರುವವರಿಗೆ ಶುಲ್ಕ ವಿನಾಯಿತಿ ಇರುತ್ತದೆ. ಉತ್ತರಕ್ಕೆ 30 ದಿನಗಳ ಕಾಲಮಿತಿ ಇದ್ದು, ಉತ್ತರ ಬಾರದಿದ್ದಲ್ಲಿ ನಂತರದ 30 ದಿನಗಳೊಳಗೆ ಪ್ರಥಮ ಮೇಲ್ಮನವಿ ಸಲ್ಲಿಸಬಹುದಾಗಿದೆ.

ನ್ಯಾಯಾಲಯದಲ್ಲಿ ಹಾಜರುಪಡಿಸುವ ವಿದ್ಯುನ್ಮಾನ ಪ್ರತಿಗೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ ಕಲಂ 63ರ ಪ್ರಕಾರ ಪ್ರಮಾಣಪತ್ರ ಅಗತ್ಯವಿರುತ್ತದೆ.

ಮುದ್ರಣ ನಡೆಯುತ್ತಿರುವ ಸಭೆಯಲ್ಲಿ ಅರ್ಜಿದಾರರ ಮೇಜಿನ ಮೇಲೆ ಮೈಕ್ ಇಲ್ಲದಿದ್ದಲ್ಲಿ, ಹೇಳಿಕೆ ನೀಡುವ ಮುನ್ನವೇ ಅಧ್ಯಕ್ಷರ ಗಮನಕ್ಕೆ ತರಲು ಸಾರ್ವಜನಿಕರಲ್ಲಿ ಕೋರಲಾಗಿದೆ. ಸಭೆ ಮುಗಿದ ನಂತರ, ಮುದ್ರಣವಾಗದ ಮಾತನ್ನು ಯಾವ ಉಪಕರಣದಿಂದಲೂ ಮರಳಿ ಪಡೆಯಲಾಗುವುದಿಲ್ಲ.