ಹಂಚಿಕೊಂಡ ಪಾಸ್‌ವರ್ಡ್, ಕಾಣೆಯಾದ ಹೆಸರು

2021ರ ಫೆಬ್ರುವರಿ 5ರಂದು ಫ್ಲಾರಿಡಾದ ಓಲ್ಡ್ಸ್‌ಮಾರ್ ಊರಿನ ನೀರು ಶುದ್ಧೀಕರಣ ಘಟಕದಲ್ಲಿ ಕಾಸ್ಟಿಕ್ ಸೋಡಾ ಬೆರೆಸುವ ಪ್ರಮಾಣವನ್ನು ದಶಲಕ್ಷಕ್ಕೆ 100 ಭಾಗದಿಂದ 11,100ಕ್ಕೆ ಏರಿಸಿದ್ದು ಕಂಡುಬಂತು. ಪಾಳಿಯಲ್ಲಿದ್ದವರು ಕೂಡಲೇ ಅದನ್ನು ಇಳಿಸಿದರು. ಹೊರಗಿನವರ ದಾಳಿ ಎಂದು ಸುದ್ದಿಯಾಯಿತು. ಸಿಬ್ಬಂದಿಯ ಕೈತಪ್ಪೇ ಇರಬೇಕೆಂದು ನಗರದ ಮಾಜಿ ಆಡಳಿತಾಧಿಕಾರಿ 2023ರಲ್ಲಿ ಹೇಳಿದರು. ದಾಳಿಯೆಂದು ಖಚಿತಪಡಿಸಲು ಎಫ್‌ಬಿಐಗೂ ಆಗಲಿಲ್ಲ. ಅಲ್ಲಿನ ಕಂಪ್ಯೂಟರ್‌ಗಳಿಗೆ ದೂರದಿಂದ ಪ್ರವೇಶಿಸಲು ಎಲ್ಲರೂ ಬಳಸುತ್ತಿದ್ದದ್ದು ಒಂದೇ ಪಾಸ್‌ವರ್ಡ್.

ಪಾಸ್‌ವರ್ಡ್ ಹಂಚಿಕೊಂಡರೆ ಗುಟ್ಟು ಬಯಲಾಗುತ್ತದೆ ಎಂಬ ಎಚ್ಚರಿಕೆ ಹಳೆಯದು. ಅದಕ್ಕೂ ಮೊದಲು ಹೋಗುವುದು ಯಾರು ಏನು ಮಾಡಿದರೆಂಬ ದಾಖಲೆ ಎಂಬುದು ನನ್ನ ವಾದ.

ಇದು ಢಾಳಾಗಿ ಕಾಣುವುದು ಆಸ್ಪತ್ರೆಗಳಲ್ಲಿ. ರಾಸ್ ಕೊಪ್ಪೆಲ್ ಮತ್ತು ಸಂಗಡಿಗರು ಅಮೆರಿಕದ ಆಸ್ಪತ್ರೆಗಳ ಬಗ್ಗೆ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂಥ ಅಡ್ಡದಾರಿಗಳು ಹೇರಳವಾಗಿವೆ. ಎದುರಿಗೆ ಯಾರೂ ಇಲ್ಲದಿದ್ದರೆ ಲಾಗಿನ್ ಮುಚ್ಚಿಬಿಡುವ ಸೆನ್ಸರ್‌ಗೆ ಥರ್ಮೋಕೋಲ್ ಲೋಟ ಕವುಚಿಡುತ್ತಾರೆ. ಇನ್ನೊಂದು ಕಡೆ, ಯಾವ ಕಂಪ್ಯೂಟರೂ ಮುಚ್ಚಿಕೊಳ್ಳದಂತೆ ಆಗಾಗ ಸ್ಪೇಸ್ ಬಾರ್ ಒತ್ತುತ್ತಿರುವುದು ತಂಡದ ಅತಿ ಕಿರಿಯರ ಪಾಲಿನ ಕೆಲಸ. (ವೈದ್ಯಕೀಯ ಓದಿ ಬಂದದ್ದು ಇದಕ್ಕೇ ಏನು?) ಹೀಗೆ ತೆರೆದೇ ಉಳಿದ ಪರದೆಯಲ್ಲಿ ಒಬ್ಬ ರೋಗಿಯ ಔಷಧ ಇನ್ನೊಬ್ಬರ ಹೆಸರಿಗೆ ಬೀಳಬಹುದು. ಬರೆದ ವೈದ್ಯರ ಹೆಸರೂ ಬೇರೆಯದೇ ಆಗಬಹುದು. ಆಮೇಲೆ ಪರಿಶೋಧಕರು ತೆಗೆದು ನೋಡುವ ದಾಖಲೆ ನೋಡಲು ಅಚ್ಚುಕಟ್ಟಾಗಿರುತ್ತದೆ, ಆದರೆ ಸುಳ್ಳು.

ಇವರನ್ನು ಶಿಸ್ತಿಲ್ಲದವರೆಂದು ತಳ್ಳಿಹಾಕುವುದು ಸುಲಭ. ಆದರೆ ಕಂಪ್ಯೂಟರ್ ವಿಜ್ಞಾನಿಗಳಾದ ಸಾಲ್ಟ್‌ಜರ್ ಮತ್ತು ಶ್ರೋಡರ್ 1975ರಲ್ಲೇ ಸುರಕ್ಷತಾ ವಿನ್ಯಾಸದ ಎಂಟು ತತ್ವಗಳನ್ನು ಪಟ್ಟಿಮಾಡುವಾಗ, ಬಳಸುವವರಿಗೆ ಒಗ್ಗಬೇಕೆಂಬುದನ್ನೂ ಸೇರಿಸಿದ್ದರು. ಆಡಳಿತಗಳು ಆ ತತ್ವವನ್ನು ಉಳಿದ ಏಳರಷ್ಟು ಗಂಭೀರವಾಗಿ ತೆಗೆದುಕೊಂಡಂತೆ ಕಾಣದು. ಹಾಗೆ ಒಗ್ಗದ ನಿಯಮಗಳಲ್ಲೊಂದಾದ, ಗಡುವಿಗೊಮ್ಮೆ ಪಾಸ್‌ವರ್ಡ್ ಬದಲಿಸುವ ಕಡ್ಡಾಯ ಬೇಡವೆಂದು ಅಮೆರಿಕದ ಮಾನಕ ಸಂಸ್ಥೆ ಹೇಳಿದ್ದು 2017ರಲ್ಲಿ.

ಕಾರ್ಡ್ ತಾಗಿಸಿದೊಡನೆ ತೆರೆದು, ಮುಂದಿನ ಕಂಪ್ಯೂಟರಿನಲ್ಲಿ ಬಿಟ್ಟಲ್ಲಿಂದಲೇ ಮುಂದುವರಿಯುವ ವ್ಯವಸ್ಥೆಗಳು ಈಗ ಇವೆ. ಲಾಗಿನ್ ಬೇಗ ಮುಗಿದರೆ ಇನ್ನೊಬ್ಬರದನ್ನು ಎರವಲು ಪಡೆಯುವ ಪ್ರಮೇಯ ಕಡಿಮೆ. ತುರ್ತು ಪ್ರವೇಶದ ಪ್ರಶ್ನೆ ಇನ್ನೂ ತೊಡಕಿನದು. ಜೀವ ಉಳಿಸುವ ಗಳಿಗೆಯಲ್ಲಿ ಅನುಮತಿ ಇಲ್ಲದ ಕಡತವನ್ನೂ ತೆರೆಯಲು ಬಿಟ್ಟು, ಕಾರಣ ಬರೆಸಿಕೊಂಡು, ನಂತರ ಪರಿಶೀಲಿಸುವುದು ಅದರ ಕ್ರಮ. ಪರಿಶೀಲಿಸುವವರು ಇದ್ದರೆ ಮಾತ್ರ ಅದಕ್ಕೆ ಅರ್ಥ. ಒಂದೇ ವಾರ್ಡಿನ ರಾತ್ರಿ ಪಾಳಿಯಲ್ಲಿ ತುರ್ತು ಪ್ರವೇಶ ಮೇಲಿಂದ ಮೇಲೆ ಬಳಕೆಯಾಗುತ್ತಿದ್ದರೆ, ಆ ಪಾಳಿಯವರಿಗೆ ಕೊಟ್ಟಿರುವ ಅನುಮತಿಗಳ ಪಟ್ಟಿಯೇ ಕೆಲಸಕ್ಕೆ ಸಾಲದೆಂದು ಮೊದಲು ಶಂಕಿಸಬೇಕು.